ಚಾನೆಲ್ಲು ನಮ್ದು, ಯಜಮಾನ ಯಾರು?

ಥಿಯೇಟರಿನ ಹಣೆಬರಹ ಬದಲಾದರೆ ಊರಿಗೆಲ್ಲ ಗೊತ್ತಾಗುತ್ತೆ ಸ್ವಾಮಿ. ಹಲಸೂರಿನ ಕಡೆ ಲಿಡೋ ಹೋಯಿತು, ಆ ಜಾಗದಲ್ಲಿ ಮಾಲ್ ಎದ್ದಿತು. ಬ್ರಿಗೇಡ್ ರಸ್ತೆಯ ರೆಕ್ಸ್ 2018ರ ಕೊನೆಗೆ ಬಾಗಿಲು ಹಾಕಿತು. ಅಭಿಮಾನಿಗಳು ಎದುರಿಗೆ ನಿಂತು ನಿಟ್ಟುಸಿರಾದರೂ ಬಿಟ್ಟರು. ಟಿ.ವಿ. ಚಾನೆಲ್ಲಿನ ಕಥೆ ಹಾಗಲ್ಲ. ನೀವು ಚಾಪೆ ಮೇಲೆ ಕೂತು ಧಾರಾವಾಹಿ ನೋಡ್ತಾ ಇರ್ತೀರಿ. ಅದೇ ನಾಯಕಿ, ಅದೇ ಅತ್ತೆ, ಅದೇ ಕಣ್ಣೀರು. ಅಷ್ಟರಲ್ಲಿ ಎಲ್ಲೋ ದೂರದಲ್ಲಿ ಒಂದು ಸಹಿ ಬಿದ್ದು ಚಾನೆಲ್ಲೇ ಬೇರೆಯವರ ಪಾಲಾಗಿರುತ್ತೆ! ಗೋಡೆಯೂ ಬೀಳೋದಿಲ್ಲ, ಧೂಳೂ ಏಳೋದಿಲ್ಲ.

ಮೊದಲಿಂದ ಬರೋಣ. ನಮ್ಮ ದಂಡು ಪ್ರದೇಶದ ಮಗ್ಗುಲಲ್ಲೇ, ಜಯಮಹಲ್ ಆಚೆ, ಜೆ.ಸಿ. ನಗರದಲ್ಲಿ ಒಂದು ಎತ್ತರದ ಗೋಪುರ ಇದೆಯಲ್ಲ, ಅದೇ ನಮ್ಮ ದೂರದರ್ಶನ ಕೇಂದ್ರದ್ದು. ‘ಟಿ.ವಿ. ಟವರ್’ ಅಂದರೆ ಸಾಕು, ಕಂಡಕ್ಟರ್ ಚೀಟಿ ಹರೀತಾನೆ. ದೆಹಲಿಯಲ್ಲಿ 1959ರಲ್ಲೇ ಶುರುವಾದ ಟಿ.ವಿ. ಬೆಂಗಳೂರಿಗೆ ಬಂದಿದ್ದು 1981ರ ನವೆಂಬರ್ 1ರಂದು, ಅದೂ ರಾಜ್ಯೋತ್ಸವದ ದಿನ! ಇಪ್ಪತ್ತೆರಡು ವರ್ಷ ಕಾಯಿಸಿ ಬಂದ ನೆಂಟ. ‘ಚಿತ್ರಮಂಜರಿ’ ಬಂದರೆ ವಠಾರವೆಲ್ಲ ಒಂದೇ ಪೆಟ್ಟಿಗೆಯ ಮುಂದೆ. ಯಜಮಾನ ಯಾರು? ಕೇಂದ್ರ ಸರ್ಕಾರ. ಪ್ರಸಾರ ಭಾರತಿಯ ಕಾಯಿದೆ 1990ರಲ್ಲೇ ಪಾಸಾದರೂ ಜಾರಿಗೆ ಬಂದಿದ್ದು 1997ರಲ್ಲಿ. ಆಮೇಲೆ ದೂರದರ್ಶನ, ಆಕಾಶವಾಣಿ ಎರಡೂ ಆ ಸಂಸ್ಥೆಯ ಮಡಿಲಿಗೆ ಬಿದ್ದವು. ಟಿ.ಎನ್. ಸೀತಾರಾಂ ಅವರ ‘ಮಾಯಾಮೃಗ’ 1998ರಲ್ಲಿ ಮನೆಮನೆಯ ಮಾತಾಗಿದ್ದು ಈ ಸರ್ಕಾರಿ ಕೇಂದ್ರದಿಂದಲೇ. ಸರ್ಕಾರಿ ಅಂದಮಾತ್ರಕ್ಕೆ ಸಪ್ಪೆ ಅನ್ನೋ ಮಾತಿಗೆ ಅದೊಂದು ಸರಿಯಾದ ಉತ್ತರ!

ಖಾಸಗಿಯವರ ಸವಾರಿ ಬಂದಿದ್ದು 1994ರಲ್ಲಿ. ಚೆನ್ನೈನ ಕಲಾನಿಧಿ ಮಾರನ್ ಅವರ ಸನ್ ಬಳಗ ‘ಉದಯ’ವನ್ನು ಹುಟ್ಟುಹಾಕಿತು. ತಮಾಷೆ ನೋಡಿ, ಎಲ್ಲಕ್ಕಿಂತ ಹಳೆಯ ಈ ಖಾಸಗಿ ಚಾನೆಲ್ಲು ಇವತ್ತಿಗೂ ಅದೇ ಮನೆಯಲ್ಲಿದೆ. ಸುದ್ದಿ ಚಾನೆಲ್ಲು ‘ಉದಯ ನ್ಯೂಸ್’ ಮಾತ್ರ 2017ರಲ್ಲಿ ಕಣ್ಮುಚ್ಚಿತು.

ಮನೆ ಬದಲಾಯಿಸಿದ ಕಥೆ ಬೇಕಾದರೆ ‘ಈಟಿವಿ’ ಕೇಳಿ. 2000ದ ಡಿಸೆಂಬರಿನಲ್ಲಿ ಹೈದರಾಬಾದಿನ ರಾಮೋಜಿ ರಾವ್ ಶುರುಮಾಡಿದ್ದು. ಸೀತಾರಾಂ ಅವರ ‘ಮನ್ವಂತರ’, ‘ಮುಕ್ತ’, ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ‘ಎದೆ ತುಂಬಿ ಹಾಡುವೆನು’ ಎಲ್ಲ ಅಲ್ಲೇ ಬಂದವು. 2012ರಲ್ಲಿ ನೆಟ್‌ವರ್ಕ್18 ಬಳಗದ ಜತೆ ಮಾತುಕತೆ ಪ್ರಕಟವಾಯಿತು, 2014ರಲ್ಲಿ ವ್ಯವಹಾರ ಮುಗಿಯಿತು. ಅದೇ ವರ್ಷ ನೆಟ್‌ವರ್ಕ್18 ಬಳಗವೇ ರಿಲಯನ್ಸ್ ಕೈಗೆ ಹೋಯಿತು. ದೊಡ್ಡ ಮೀನು ನುಂಗಿದ ಮೀನನ್ನು ಇನ್ನೂ ದೊಡ್ಡ ಮೀನು ನುಂಗಿದ ಹಾಗೆ! 2015ರಲ್ಲಿ ಬೋರ್ಡೂ ಬದಲಾಗಿ ‘ಕಲರ್ಸ್ ಕನ್ನಡ’ ಆಯಿತು.

‘ಸುವರ್ಣ’ದ್ದು ಇನ್ನೊಂದು ಪುರಾಣ. 2007ರಲ್ಲಿ ಕೇರಳದ ಏಷ್ಯಾನೆಟ್ ಹೆಸರು ಹೊತ್ತು ಬಂತು. ಆ ಬಳಗ ಆಗ ರಾಜೀವ್ ಚಂದ್ರಶೇಖರ್ ಅವರ ಕೈಲಿತ್ತು. 2008ರಲ್ಲಿ ರೂಪರ್ಟ್ ಮುರ್ಡೋಕ್ ಅವರ ಸ್ಟಾರ್ ಕಂಪನಿ ಮನರಂಜನೆ ಚಾನೆಲ್ಲುಗಳಲ್ಲಿ ದೊಡ್ಡ ಪಾಲು ಹಿಡಿಯಿತು. ಸುದ್ದಿ ಚಾನೆಲ್ಲು ಮಾತ್ರ ಹಳೇ ಕಡೆಯಲ್ಲೇ ಉಳಿಯಿತು. ಹಾಗಾಗಿ ‘ಸುವರ್ಣ’ ಅಂತ ಎರಡು ಕಡೆ ಹೆಸರಿದ್ದರೂ ಯಜಮಾನರು ಬೇರೆ ಬೇರೆ. ಎಷ್ಟು ಜನಕ್ಕೆ ಗೊತ್ತು ಇದು? 2016ರಲ್ಲಿ ‘ಸ್ಟಾರ್ ಸುವರ್ಣ’. 2019ರಲ್ಲಿ ಸ್ಟಾರೇ ಅಮೆರಿಕದ ಡಿಸ್ನಿ ಪಾಲು. ಮಿಕ್ಕಿಮೌಸ್ ಮನೆಗೆ ನಮ್ಮ ಸುವರ್ಣ!

ಈಗ ಕ್ಲೈಮ್ಯಾಕ್ಸ್. 2024ರ ಆಗಸ್ಟಿನಲ್ಲಿ ಸ್ಪರ್ಧಾ ಆಯೋಗ ಷರತ್ತು ಹಾಕಿ ಒಪ್ಪಿಗೆ ಕೊಟ್ಟಿತು. ನವೆಂಬರಿನಲ್ಲಿ ರಿಲಯನ್ಸಿನ ವಯಾಕಾಮ್18 ಮತ್ತು ಡಿಸ್ನಿಯ ಸ್ಟಾರ್ ಒಂದಾದವು. ಹೊಸ ಕಂಪನಿ ಜಿಯೋಸ್ಟಾರ್. ಅದರ ಬೆಲೆ ಕಟ್ಟಿದ್ದು 70,352 ಕೋಟಿ ರೂಪಾಯಿ, ಹಿಡಿತ ರಿಲಯನ್ಸಿನದು. ಅಂದರೆ ರೇಟಿಂಗಿಗಾಗಿ ವರ್ಷಗಟ್ಟಲೆ ಜಟಾಪಟಿ ಮಾಡಿದ ಕಲರ್ಸ್ ಕನ್ನಡ, ಸ್ಟಾರ್ ಸುವರ್ಣ ಎರಡೂ ಈಗ ಒಂದೇ ಸೂರಿನಡಿ! ಸುದೀಪ್ ಅಭಿಮಾನಿಗಳಿಗೆ ನೆನಪಿರಬೇಕು, ‘ಬಿಗ್ ಬಾಸ್’ ಮೊದಲ ಸಲ 2013ರಲ್ಲಿ ಈಟಿವಿಯಲ್ಲಿ ಬಂತು, 2014ರಲ್ಲಿ ಸುವರ್ಣಕ್ಕೆ ಹಾರಿತು, 2015ರಲ್ಲಿ ಕಲರ್ಸಿಗೆ ವಾಪಸ್ಸು ಬಂತು. ಆಗ ಅದು ಎದುರಾಳಿಯ ಮನೆಗೆ ಹೋದ ಹಾಗೆ. ಇವತ್ತಾದರೆ ನಡುಮನೆಯಿಂದ ಪಡಸಾಲೆಗೆ ಹೋದ ಹಾಗೆ, ಅಷ್ಟೇ.

‘ಯಾರದಾದ್ರೇನು ಗುರುವೇ, ಸಿನಿಮಾ ಬಂದ್ರೆ ಸಾಕು’ ಅಂತೀರಾ? ಅಲ್ಲೇ ಇರೋದು ಗುಟ್ಟು. ಒಂದು ಕನ್ನಡ ಚಿತ್ರಕ್ಕೆ ದುಡ್ಡು ಬರೋದು ಗಲ್ಲಾಪೆಟ್ಟಿಗೆಯಿಂದ ಮಾತ್ರ ಅಲ್ಲ. ಸ್ಯಾಟಲೈಟ್ ಹಕ್ಕು, ಆಡಿಯೋ ಹಕ್ಕು, ಡಬ್ಬಿಂಗ್ ಹಕ್ಕು, ಈಗ ಮೊಬೈಲಿನ ಹಕ್ಕು ಅಂತ ಬೇರೆ ಬೇರೆ ಚೀಲಗಳಿವೆ. ನಾಲ್ಕು ಮಂದಿ ಕೂಗಿದರೆ ಹರಾಜು ಏರುತ್ತೆ, ಇಬ್ಬರೇ ಇದ್ದರೆ ಇಳಿಯುತ್ತೆ. ಇದು ರಸಲ್ ಮಾರ್ಕೆಟ್ಟಿನಲ್ಲಿ ಹಣ್ಣು ಮಾರೋ ಹುಡುಗನಿಗೂ ಗೊತ್ತಿರೋ ಲೆಕ್ಕ. ಮೇಲಾಗಿ ಇವತ್ತು ಚಾನೆಲ್ಲು ಇರೋರದ್ದೇ ಮೊಬೈಲ್ ಆಪ್: ಸನ್ ಬಳಗಕ್ಕೆ ಸನ್ ನೆಕ್ಸ್ಟ್, ಝೀಗೆ ಝೀ5, ಜಿಯೋಸ್ಟಾರ್‌ಗೆ ಜಿಯೋಹಾಟ್‌ಸ್ಟಾರ್. 2006ರಲ್ಲಿ ಬಂದ ಝೀ ಕನ್ನಡದ ಬಳಗವೂ ಸೋನಿ ಜತೆ ಸೇರಬೇಕಿತ್ತು. 2021ರ ಆ ಒಪ್ಪಂದ 2024ರ ಜನವರಿಯಲ್ಲಿ ಮುರಿದುಬಿತ್ತು. ಸ್ಟಾರ್ ನಟನ ಚಿತ್ರಕ್ಕೆ ಚಿಂತೆಯಿಲ್ಲ, ಎಲ್ಲರೂ ಬಾಗಿಲಿಗೇ ಬರ್ತಾರೆ. ಪೆಟ್ಟು ಬೀಳೋದು ಹೊಸ ಹುಡುಗರು ಸಾಲಸೋಲ ಮಾಡಿ ತೆಗೆದ ಚಿತ್ರಕ್ಕೆ. ಒಂದು ಬಾಗಿಲಲ್ಲಿ ‘ಬೇಡ’ ಅಂದರೆ ಪಕ್ಕದ ಬಾಗಿಲು ತಟ್ಟೋಣ ಅಂದುಕೊಂಡರೆ, ಎರಡು ಬಾಗಿಲೂ ಒಂದೇ ಮನೇದು!

ಹಾಗಂತ ದೊಡ್ಡ ಕಂಪನಿ ಅಂದರೆ ರಾಕ್ಷಸ ಅಂತ ನಾನು ಹೇಳೋದಿಲ್ಲ. ದೊಡ್ಡ ಬಂಡವಾಳ ಇರೋ ಕಡೆ ದೊಡ್ಡ ಸೆಟ್ಟು, ಒಳ್ಳೆ ಕ್ಯಾಮೆರಾ, ನೂರಾರು ಕಲಾವಿದರಿಗೆ ತಿಂಗಳಾದರೆ ಸಂಬಳ ಎಲ್ಲ ಇರುತ್ತೆ. ಆದರೆ ಚೆನ್ನೈ, ಹೈದರಾಬಾದ್, ಮುಂಬಯಿ ಅಂತ ಸುತ್ತುವ ಈ ಪಟ್ಟಿಯಲ್ಲಿ ನಮ್ಮೂರ ಯಜಮಾನರು ಎಷ್ಟು ಮಂದಿ? 2007ರಲ್ಲಿ ಅನಿತಾ ಕುಮಾರಸ್ವಾಮಿ ಅವರ ‘ಕಸ್ತೂರಿ’, ಸುದ್ದಿಯಲ್ಲಿ 2012ರ ಎಚ್.ಆರ್. ರಂಗನಾಥ್ ಅವರ ‘ಪಬ್ಲಿಕ್ ಟಿವಿ’ ಅಂತ ಬೆರಳಲ್ಲಿ ಎಣಿಸಬೇಕು.

ಅಭಿಮಾನಿ ಏನು ಮಾಡಬಹುದು? ಕಂಪನಿ ಕೊಳ್ಳೋಕಂತೂ ಆಗಲ್ಲ! ಟಿಕೆಟ್ ಕೊಳ್ಳಬಹುದು. ಥಿಯೇಟರಿನಲ್ಲಿ ನಾಲ್ಕು ವಾರ ನಿಂತ ಚಿತ್ರದ ನಿರ್ಮಾಪಕ ಚಾನೆಲ್ಲಿನವರ ಮುಂದೆ ಕೈಕಟ್ಟಿ ನಿಲ್ಲಬೇಕಾಗಿಲ್ಲ, ‘ಈ ರೇಟಿಗೆ ಆಗೋಲ್ಲ’ ಅಂತ ಎದ್ದುಬರಬಹುದು. ‘ಟಿ.ವಿ.ಲಿ ಬರುತ್ತೆ ಬಿಡು’ ಅಂತ ನೀವು ಮನೇಲಿ ಕೂತರೆ, ಬರುತ್ತೋ ಇಲ್ಲವೋ ಅನ್ನೋದನ್ನ ನಿರ್ಧಾರ ಮಾಡೋದು ನೀವಲ್ಲ, ಆ ಯಜಮಾನ. ಶಿವಾಜಿನಗರದಿಂದ ಕೆ.ಆರ್. ಪುರಂವರೆಗಿನ ನನ್ನ ದೋಸ್ತರೇ, ಈ ಶುಕ್ರವಾರ ಹೊಸಬರ ಒಂದು ಚಿತ್ರಕ್ಕೆ ಹೋಗಿಬನ್ನಿ. ಮಿಕ್ಕಿದ್ದು ಮುಂದಿನ ವಾರ!