ಮಾಹಿತಿಯ ಗಿರಣಿ ನಿಂತಾಗ

ಕಾರ್ಖಾನೆಯೆಂದೊಡನೆ ಹೊಗೆಗೊಳವೆಯೂ ಯಂತ್ರಚಕ್ರಗಳೂ ನಮ್ಮ ಕಣ್ಣ ಮುಂದೆ ಸುಳಿಯುತ್ತವೆ. ಆದರೆ 1968ರಲ್ಲಿ ಫಿನ್‌ಲೆಂಡಿನ ಎಸ್ಪೋ ನಗರದಲ್ಲಿ ಹೊಗೆಯಿಲ್ಲದ ಕಾರ್ಖಾನೆಯೊಂದು ಸ್ಥಾಪಿತವಾಯಿತು. ಅದರ ಹೆಸರು ‘ತಿಯೆತೊತೆಹ್‌ದಾಸ್’. ಫಿನ್ನಿಷ್ ಭಾಷೆಯಲ್ಲಿ ‘ತಿಯೆತೊ’ ಎಂದರೆ ಮಾಹಿತಿ. ‘ತೆಹ್‌ದಾಸ್’ ಎಂದರೆ ಕಾರ್ಖಾನೆ.

ಆ ಕಾಲದ ಗಣಕಯಂತ್ರ ಕೊಠಡಿಯನ್ನೇ ತುಂಬುವಷ್ಟು ದೊಡ್ಡದು. ಬೆಲೆಯೂ ಅಷ್ಟೇ ದೊಡ್ಡದು. ಪ್ರತಿಯೊಂದು ಸಂಸ್ಥೆಯೂ ಅದನ್ನು ಕೊಂಡು ನಡೆಸುವುದು ಸುಲಭಸಾಧ್ಯವಾಗಿರಲಿಲ್ಲ. ಆದುದರಿಂದ ಯೂನಿಯನ್ ಬ್ಯಾಂಕ್ ಆಫ್ ಫಿನ್‌ಲೆಂಡ್, ಅದರ ಗ್ರಾಹಕರು ಮತ್ತು ಕೆಲವು ಅರಣ್ಯೋದ್ಯಮಗಳು ತಮ್ಮ ಗಣಕಕಾರ್ಯವನ್ನು ಈ ಕಾರ್ಖಾನೆಗೆ ಒಪ್ಪಿಸಿದವು. ಊರಿಗೊಂದು ಹಿಟ್ಟಿನ ಗಿರಣಿ ಬಂದರೆ ಮನೆಮನೆಯಲ್ಲಿ ಬೀಸುವ ಶ್ರಮ ತಪ್ಪುವುದಿಲ್ಲವೆ? ಇದೂ ಹಾಗೆಯೇ.

ಗಿರಣಿ ಬೆಳೆಯಿತು. 1999ರಲ್ಲಿ ಸ್ವೀಡನ್ನಿನ ಎನಾಟರ್ ಸಂಸ್ಥೆಯೊಡನೆ ಕೂಡಿ ತಿಯೆತೊಎನಾಟರ್ ಆಯಿತು; 2008ರಲ್ಲಿ ‘ತಿಯೆತೊ’ ಎಂಬ ಚಿಕ್ಕ ಹೆಸರನ್ನು ತಾಳಿತು; 2019ರಲ್ಲಿ ನಾರ್ವೆಯ ಎವ್ರಿ ಸಂಸ್ಥೆಯೂ ಇದರೊಡನೆ ವಿಲೀನವಾಯಿತು.

ಆದರೆ ಗಿರಣಿ ನಿಂತರೆ? 2011ರ ನವೆಂಬರ್ ತಿಂಗಳಲ್ಲಿ ಸ್ವೀಡನ್ನಿನಲ್ಲಿ ಈ ಸಂಸ್ಥೆಯ ಮಾಹಿತಿ ಸಂಗ್ರಹಣೆಯ ಉಪಕರಣವೊಂದು ಕೆಟ್ಟಿತು. ಒಂದೇ ಏಟಿಗೆ ಸುಮಾರು 50 ಗ್ರಾಹಕ ಸಂಸ್ಥೆಗಳ ಕೆಲಸ ಅಸ್ತವ್ಯಸ್ತವಾಯಿತು. ಔಷಧಾಲಯಗಳು, ವಾಹನ ತಪಾಸಣಾ ಕೇಂದ್ರಗಳು, ನಾಕಾ ಪುರಸಭೆ—ಒಂದಕ್ಕೊಂದು ಸಂಬಂಧವೇ ಇಲ್ಲದ ಇವೆಲ್ಲವೂ ಕಷ್ಟಕ್ಕೆ ಸಿಕ್ಕಿದವು. ಕೆಲವು ಚೇತರಿಸಿಕೊಳ್ಳಲು ವಾರಗಳೇ ಬೇಕಾದವು. ಮತ್ತೆ 2024ರ ಜನವರಿಯಲ್ಲಿ, ಅಲ್ಲಿಯೇ, ಮಾಹಿತಿಗೆ ಗುಪ್ತಲಿಪಿಯ ಬೀಗ ಜಡಿದು ಒತ್ತೆಹಣ ಕೇಳುವ ದುಷ್ಟರ ದಾಳಿ ನಡೆಯಿತು. ಅನೇಕ ಸರಕಾರಿ ಕಚೇರಿಗಳ ವೇತನ ವ್ಯವಸ್ಥೆಗೂ ಅದರ ಬಿಸಿ ತಟ್ಟಿತು.

ಹಾಗೆಂದು ಗಿರಣಿಯನ್ನೇ ಮುಚ್ಚಬೇಕೆಂಬುದು ನಮ್ಮ ವಾದವಲ್ಲ. ಪುಟ್ಟದೊಂದು ಪುರಸಭೆ ತನ್ನ ಯಂತ್ರಗಳನ್ನು ತಜ್ಞರಿಗಿಂತ ಚೆನ್ನಾಗಿ ಕಾಯಬಲ್ಲುದೆಂದು ಹೇಳಲಾಗದು. ಆದರೆ ಕೆಲಸವನ್ನು ಇನ್ನೊಬ್ಬರಿಗೆ ವಹಿಸಬಹುದೇ ಹೊರತು ಹೊಣೆಯನ್ನು ವಹಿಸಲಾಗದು. ರೋಗಿ ಬಂದು ನಿಲ್ಲುವುದು ಔಷಧಾಲಯದ ಬಾಗಿಲಿನಲ್ಲಿ, ಗಣಕಕೇಂದ್ರದ ಬಾಗಿಲಿನಲ್ಲಲ್ಲ. ಆದುದರಿಂದ ಮಾಹಿತಿಯ ಪ್ರತಿಯೊಂದು ಬೇರೆಡೆ ಭದ್ರವಾಗಿರಬೇಕು. ಯಂತ್ರವಿಲ್ಲದ ದಿನವೂ ಅತ್ಯಗತ್ಯ ಕಾರ್ಯಗಳನ್ನು ಕೈಯಿಂದಲೇ ನಡೆಸುವ ಅಭ್ಯಾಸ ಸಿಬ್ಬಂದಿಗಿರಬೇಕು. ಇದಕ್ಕೆ ತಗಲುವ ವೆಚ್ಚ ದಂಡವೆಂದು ತೋರುವುದು ಗಿರಣಿ ತಿರುಗುತ್ತಿರುವವರೆಗೆ ಮಾತ್ರ.

ನಾಳೆ ಇಂಥ ವ್ಯವಸ್ಥೆಗಳನ್ನು ಕಟ್ಟುವವರು ಇಂದಿನ ವಿದ್ಯಾರ್ಥಿಗಳೇ. ಯಂತ್ರ ಎಷ್ಟು ವೇಗವಾಗಿ ಓಡುವುದೆಂದು ಕೇಳುವ ಮೊದಲು, ಅದು ನಿಂತರೆ ಯಾರು ಹಸಿಯುವರೆಂದು ಅವರು ಕೇಳಲಿ. ಮೂಲೆಯ ಬೀಸುವ ಕಲ್ಲನ್ನು ಎಸೆಯದೆ ಉಳಿಸಿಕೊಂಡ ಮನೆಯೇ ಜಾಣ ಮನೆ.