ಅಲೆಯೇರುವ ಹಲಗೆಯ ಲೆಕ್ಕಾಚಾರ

ಮೂಲ್ಕಿ, ಸಸಿಹಿತ್ಲು, ಪಣಂಬೂರುಗಳ ಕಡಲತೀರದಲ್ಲಿ ಉದ್ದವಾದ ಹಲಗೆಯೊಂದರ ಮೇಲೆ ನಿಂತು, ಅಲೆಯೊಡನೆ ದಡದ ಕಡೆಗೆ ಜಾರಿಬರುವ ತರುಣ ತರುಣಿಯರನ್ನು ಕಾಣುವುದು ಈಗ ಅಪೂರ್ವವೇನಲ್ಲ. ಸರ್ಫಿಂಗ್ ಎಂದು ಹೆಸರಾದ ಈ ಆಟವನ್ನು ಕನ್ನಡದಲ್ಲಿ ಅಲೆಸವಾರಿ ಎನ್ನಬಹುದು. ಇದರ ತವರು ಹವಾಯಿಯೇ ಮೊದಲಾದ ಪೆಸಿಫಿಕ್ ಸಾಗರದ ದ್ವೀಪಗಳು. ಕ್ಯಾಪ್ಟನ್ ಕುಕ್‌ನ ಕೊನೆಯ ಯಾತ್ರೆಯಲ್ಲಿದ್ದ ಜೇಮ್ಸ್ ಕಿಂಗ್ ಎಂಬ ಅಧಿಕಾರಿ ಹವಾಯಿಯ ಜನರು ಅಲೆಗಳನ್ನೇರುವ ಬಗೆಯನ್ನು 1779ರಲ್ಲಿಯೇ ಬಣ್ಣಿಸಿದ್ದಾನೆ. ಅಲ್ಲಿಯವರು ಹಲಗೆಗಳನ್ನು ಮಾಡುತ್ತಿದ್ದ ಮರಗಳಲ್ಲಿ ಒಂದು ನಮ್ಮ ಕರಾವಳಿಯ ಜೀಗುಜ್ಜೆ. ಇನ್ನೊಂದು ನಮ್ಮ ಹಾಲುವಾಣದ ಕುಲಕ್ಕೆ ಸೇರಿದ ಹಗುರವಾದ ಮರ. ನಮ್ಮ ನಾಡಿಗೆ ಬಂದರೆ, ಮೂಲ್ಕಿಯಲ್ಲಿ ಮಂತ್ರ ಸರ್ಫ್ ಕ್ಲಬ್ ಆರಂಭವಾದುದು 2004ರಲ್ಲಿ. ಸಸಿಹಿತ್ಲುವಿನಲ್ಲಿ 2016ರಲ್ಲಿ ಅಖಿಲ ಭಾರತ ಮಟ್ಟದ ಸ್ಪರ್ಧೆ ನಡೆಯಿತು. 2021ರಲ್ಲಿ ಜರುಗಿದ ಟೋಕಿಯೋ ಒಲಿಂಪಿಕ್ಸಿನಲ್ಲಿ ಈ ಆಟಕ್ಕೆ ಮೊದಲ ಬಾರಿಗೆ ಸ್ಥಾನ ದೊರೆಯಿತು. ಇವೆಲ್ಲದರ ಫಲವಾಗಿ ನಮ್ಮ ವಿದ್ಯಾರ್ಥಿಗಳಲ್ಲಿಯೂ ಕೆಲವರಿಗೆ ಇದರ ಗೀಳು ಹತ್ತಿದೆ.

ಆಟವನ್ನು ಕಲಿಸುವ ಶಾಲೆಗಳಲ್ಲಿ ಮೊದಮೊದಲು ಉದ್ದವೂ ಮೆತ್ತಗೂ ಇರುವ ಹಲಗೆಯನ್ನು ಕೊಡುತ್ತಾರೆ. ಒಡೆದು ನೊರೆಯಾಗಿ ಬರುವ ಅಲೆಯ ಮೇಲೆ ಅದನ್ನು ಹಿಡಿದು ನಿಲ್ಲುವುದನ್ನು ಕಲಿಯುವುದು ಮೊದಲ ಮೆಟ್ಟಿಲು. ಇನ್ನೂ ಒಡೆಯದ ಹಸುರು ಅಲೆಯನ್ನು ಏರಿ, ಅದರ ಮೈಗುಂಟ ಓರೆಯಾಗಿ ಸಾಗುವುದು ಎರಡನೆಯ ಮೆಟ್ಟಿಲು. ಈ ಎರಡನೆಯ ಮೆಟ್ಟಿಲಿನಲ್ಲಿ ನಿಂತವನಿಗೆ ಸ್ವಂತ ಹಲಗೆಯೊಂದು ಬೇಕೆನಿಸುತ್ತದೆ. ಅವನ ಜೇಬಿನಲ್ಲಿರುವುದು ಮನೆಯವರು ಕಷ್ಟಪಟ್ಟು ಒದಗಿಸಿದ ಹಣ, ಇಲ್ಲವೆ ರಜೆಯಲ್ಲಿ ದುಡಿದು ಕೂಡಿಟ್ಟ ಹಣ. ಅದನ್ನು ಅವನು ಸಾಮಾನ್ಯವಾಗಿ ವ್ಯಯಮಾಡುವುದು ಎಲ್ಲಿ? ಪ್ರಸಿದ್ಧ ಸವಾರರು ಬಳಸುವಂಥ ತೆಳ್ಳನೆಯ, ಮೊನಚಾದ, ಹೊಳೆಯುವ ಸಣ್ಣ ಹಲಗೆಯ ಮೇಲೆ. ಇದು ತಪ್ಪು ಆಯ್ಕೆ ಎಂಬುದೂ, ತಪ್ಪೆಂದು ತಿಳಿಯಲು ಪ್ರೌಢಶಾಲೆಯ ಭೌತಶಾಸ್ತ್ರವೇ ಸಾಕೆಂಬುದೂ ನಮ್ಮ ಅಭಿಪ್ರಾಯ.

ಮೊದಲು ತೇಲುವಿಕೆಯನ್ನು ನೋಡೋಣ. ತೇಲುವ ವಸ್ತು ತನ್ನ ತೂಕದಷ್ಟೇ ತೂಕದ ನೀರನ್ನು ಪಕ್ಕಕ್ಕೆ ಸರಿಸುತ್ತದೆ ಎಂಬ ಆರ್ಕಿಮಿಡೀಸನ ತತ್ತ್ವ ಎಲ್ಲರಿಗೂ ಕಂಠಪಾಠವಾಗಿದೆ. ಒಂದು ಲೀಟರು ಸಮುದ್ರದ ನೀರಿನ ತೂಕ ಸುಮಾರು 1.025 ಕಿಲೋಗ್ರಾಂ. 60 ಕಿಲೋಗ್ರಾಂ ತೂಕದ ಹುಡುಗನೊಬ್ಬ 4 ಕಿಲೋಗ್ರಾಂ ತೂಕದ ಹಲಗೆಯ ಮೇಲೆ ಇದ್ದಾನೆನ್ನೋಣ. ಅವನ ಮೈ ನೀರಿಗೆ ತಾಗದಂತೆ ಹಲಗೆಯೊಂದೇ ಅವನನ್ನು ಹೊರಬೇಕಾದರೆ, ಅದರ ಗಾತ್ರ ಸುಮಾರು 62 ಲೀಟರಿಗಿಂತ ಕಡಿಮೆ ಇರಲಾಗದು. ಶಾಲೆಯಲ್ಲಿ ಕೊಡುವ ದೊಡ್ಡ ಹಲಗೆಯ ಗಾತ್ರ ಇದಕ್ಕಿಂತ ಹೆಚ್ಚು. ಆದುದರಿಂದಲೇ ಅದು ನಿಂತ ನೀರಿನಲ್ಲಿಯೂ ಅವನನ್ನು ಎತ್ತಿಹಿಡಿಯುತ್ತದೆ. ಅದೇ ಹುಡುಗ 28 ಲೀಟರಿನ, 3 ಕಿಲೋಗ್ರಾಂ ತೂಕದ ಹಲಗೆಯನ್ನು ಕೊಂಡರೆ, ಅದು ಪೂರ್ತಿಯಾಗಿ ಮುಳುಗಿದರೂ ಹೊರಬಲ್ಲುದು 26 ಕಿಲೋಗ್ರಾಂ ಮಾತ್ರ. ಮಿಕ್ಕ 34 ಕಿಲೋಗ್ರಾಮಿಗೆ ಅವನ ಎದೆ, ಹೊಟ್ಟೆ, ಕಾಲುಗಳೇ ನೀರಿಗಿಳಿದು ತೇಲಬೇಕು. ನೀರಿಗಿಳಿದ ಮೈ ನೀರನ್ನು ಸೀಳಿಕೊಂಡು ಹೋಗಬೇಕಾಗುವುದರಿಂದ ತಡೆ ಹೆಚ್ಚುತ್ತದೆ, ತೋಳುಗಳು ಬಲುಬೇಗ ಸೋಲುತ್ತವೆ.

ಹಾಗಾದರೆ ನಿಪುಣರು ಇಂಥ ಹಲಗೆಯ ಮೇಲೆ ನಿಲ್ಲುವುದು ಹೇಗೆ? ಅವರನ್ನು ಎತ್ತಿಹಿಡಿಯುವುದು ಮುಖ್ಯವಾಗಿ ಗಾತ್ರವಲ್ಲ, ವೇಗ. ಓಡುವ ಹಲಗೆ ತನ್ನ ಅಡಿಯ ನೀರನ್ನು ಕೆಳಕ್ಕೆ ಒತ್ತುತ್ತದೆ. ನೀರು ಹಲಗೆಯನ್ನು ಮೇಲಕ್ಕೆ ಒತ್ತುತ್ತದೆ. ಕ್ರಿಯೆಗೆ ಪ್ರತಿಕ್ರಿಯೆ ಎಂಬ ನ್ಯೂಟನ್ನನ ಮೂರನೆಯ ನಿಯಮವೇ ಇದು. ಈ ಒತ್ತು ಸುಮಾರಾಗಿ ವೇಗದ ವರ್ಗವನ್ನು ಅನುಸರಿಸಿ ಏರಿಳಿಯುತ್ತದೆ. ಎಂದರೆ, ವೇಗ ಅರ್ಧಕ್ಕೆ ಇಳಿದರೆ ಒತ್ತು ಕಾಲುಭಾಗಕ್ಕೆ ಇಳಿಯುತ್ತದೆ. ಅಲೆಯ ಅತ್ಯಂತ ಕಡಿದಾದ ತಾಣದಲ್ಲಿ ಸರಿಯಾದ ಕ್ಷಣದಲ್ಲಿದ್ದು ಕೂಡಲೇ ವೇಗವನ್ನು ಪಡೆಯುವ ವಿದ್ಯೆ ನಿಪುಣನಿಗೆ ಸಿದ್ಧಿಸಿದೆ. ಕಲಿಯುವವನಿಗೆ ಅದು ಇನ್ನೂ ಸಿದ್ಧಿಸಿಲ್ಲ. ಇಲ್ಲದ ವೇಗದ ಕೆಲಸವನ್ನು ಅವನ ಪಾಲಿಗೆ ಮಾಡಿಕೊಡುವುದು ಹಲಗೆಯ ಗಾತ್ರವೇ.

ಅಲೆಯ ವೇಗವನ್ನೂ ಲೆಕ್ಕಹಾಕಿ ನೋಡಬಹುದು. ಒಂದು ಮೀಟರು ಎತ್ತರದ ಅಲೆ ಸುಮಾರು 1.3 ಮೀಟರು ಆಳದಲ್ಲಿ ಒಡೆಯುತ್ತದೆ. ಆಳವಿಲ್ಲದ ನೀರಿನಲ್ಲಿ ಅಲೆಯ ವೇಗವು ಗುರುತ್ವ ವೇಗೋತ್ಕರ್ಷವನ್ನು ಆಳದಿಂದ ಗುಣಿಸಿ ಬಂದುದರ ವರ್ಗಮೂಲಕ್ಕೆ ಸಮ. 9.8ನ್ನು 1.3ರಿಂದ ಗುಣಿಸಿ ವರ್ಗಮೂಲ ತೆಗೆದರೆ ಸೆಕೆಂಡಿಗೆ ಸುಮಾರು 3.6 ಮೀಟರು, ಎಂದರೆ ಗಂಟೆಗೆ 13 ಕಿಲೋಮೀಟರು. ಹಲಗೆಯ ಮೇಲೆ ಬೋರಲಾಗಿ ಮಲಗಿ, ಕೈಗಳನ್ನೇ ಹುಟ್ಟಾಗಿಸಿಕೊಂಡು ಸಾಗುವವನ ವೇಗ ಇದರ ಅರ್ಧಕ್ಕೂ ಏರುವುದು ಕಷ್ಟ. ಉಳಿದ ವೇಗವನ್ನು ಅಲೆಯ ಇಳಿಜಾರೇ ಒದಗಿಸಬೇಕು. ದೊಡ್ಡ ಹಲಗೆ ಅಲೆಯು ಇನ್ನೂ ಮೆಲ್ಲನೆ ಬಾಗಿರುವಾಗಲೇ ಜಾರತೊಡಗುತ್ತದೆ. ಎದ್ದು ನಿಲ್ಲಲು ಸವಾರನಿಗೆ ಒಂದೆರಡು ಕ್ಷಣಗಳ ಬಿಡುವು ದೊರೆಯುತ್ತದೆ. ಸಣ್ಣ ಹಲಗೆಗೆ ಕಡಿದಾದ ಇಳಿಜಾರೇ ಬೇಕು. ಅಷ್ಟು ಹೊತ್ತಿಗೆ ಅಲೆ ತಲೆಯ ಮೇಲೆ ಒಡೆಯಲು ಸಿದ್ಧವಾಗಿರುತ್ತದೆ.

ಇದರಿಂದ ದೊರೆಯುವ ಸ್ಥೂಲವಾದ ಸೂತ್ರ ಹೀಗಿದೆ. ಹೊಸದಾಗಿ ಕಲಿಯುವವನಿಗೆ ಮೈತೂಕದ ಕಿಲೋಗ್ರಾಮಿಗೆ ಒಂದು ಲೀಟರು ಅಥವಾ ಅದಕ್ಕಿಂತ ಹೆಚ್ಚು. ಎರಡನೆಯ ಮೆಟ್ಟಿಲಿನವನಿಗೆ 0.7ರಿಂದ 0.8 ಲೀಟರು, ನಿಪುಣನಿಗೆ 0.4 ಲೀಟರಿನ ಆಸುಪಾಸು. ನಮ್ಮ 60 ಕಿಲೋಗ್ರಾಮಿನ ಹುಡುಗನಿಗೆ 42ರಿಂದ 48 ಲೀಟರಿನ, ಏಳರಿಂದ ಏಳೂವರೆ ಅಡಿ ಉದ್ದದ, ಮೂತಿ ದುಂಡಗಿರುವ ಹಲಗೆ ಒಪ್ಪುತ್ತದೆ. ಈಚಿನ ಹಲಗೆಗಳಲ್ಲಿ ಗಾತ್ರವನ್ನು ಮೈಮೇಲೆಯೇ ಬರೆದಿರುವುದುಂಟು. ಬರೆಯದಿದ್ದರೆ ಉದ್ದ, ಅಗಲ, ದಪ್ಪಗಳನ್ನು ಸೆಂಟಿಮೀಟರಿನಲ್ಲಿ ಅಳೆದು ಗುಣಿಸಿ, ಬಂದುದರಲ್ಲಿ ಅರ್ಧಕ್ಕಿಂತ ತುಸು ಹೆಚ್ಚನ್ನು, 0.55 ಭಾಗವೆನ್ನಿ, ತೆಗೆದುಕೊಂಡರೆ ಸಾಕು. 220, 54, 7 ಸೆಂಟಿಮೀಟರಿನ ಹಲಗೆಗೆ ಗುಣಲಬ್ಧ 83 ಲೀಟರು, ಅದರ 0.55 ಭಾಗ ಸುಮಾರು 46 ಲೀಟರು. ಅಂಗಡಿಗೆ ಹೋಗುವಾಗ ಅಳತೆಯ ಪಟ್ಟಿಯೊಂದನ್ನು ಜೇಬಿನಲ್ಲಿಟ್ಟುಕೊಳ್ಳುವುದರಲ್ಲಿ ನಾಚಿಕೆಪಡಬೇಕಾದುದೇನೂ ಇಲ್ಲ.

ಇಲ್ಲಿ ಒಂದು ಆಕ್ಷೇಪವುಂಟು. ಹೇಗೂ ಮುಂದೆ ಸಣ್ಣ ಹಲಗೆ ಬೇಕಾಗುವುದರಿಂದ ಈಗಲೇ ಅದನ್ನು ಕೊಂಡರೆ ಎರಡು ಸಲ ಹಣ ಸುರಿಯುವುದು ತಪ್ಪುವುದಲ್ಲವೆ ಎಂದು ಕೇಳುವವರಿದ್ದಾರೆ. ಕೇಳುವುದಕ್ಕೆ ಇದು ಮಿತವ್ಯಯದ ಮಾತಿನಂತಿದೆ. ಆದರೆ ಹಣ ಕೊಟ್ಟು ನಾವು ಕೊಳ್ಳುತ್ತಿರುವುದು ಹಲಗೆಯನ್ನಲ್ಲ, ಅಲೆಯ ಮೇಲೆ ನಿಲ್ಲುವ ಅಭ್ಯಾಸವನ್ನು. ಒಂದು ಮುಂಜಾನೆಯಲ್ಲಿ ತಕ್ಕ ಹಲಗೆಯಿಂದ ಹತ್ತು ಅಲೆಗಳೂ ತಗದ ಹಲಗೆಯಿಂದ ಎರಡು ಅಲೆಗಳೂ ದಕ್ಕುತ್ತವೆಂದು ಇಟ್ಟುಕೊಳ್ಳಿ. ಮೊದಲನೆಯವನ ಒಂದು ತಿಂಗಳ ಅಭ್ಯಾಸಕ್ಕೆ ಎರಡನೆಯವನಿಗೆ ಐದು ತಿಂಗಳು ಬೇಕು. ಅಷ್ಟರಲ್ಲಿ ಅವನು ಬೇಸತ್ತು ಆಟವನ್ನೇ ಬಿಟ್ಟಿರುವ ಸಂಭವವೇ ಹೆಚ್ಚು. ಹಲಗೆ ಅಟ್ಟದ ಮೇಲೆ ಧೂಳು ತಿನ್ನುತ್ತಿರುತ್ತದೆ. ಆಟ ತನಗೆ ಒಗ್ಗದೆಂದು ಅವನು ನಂಬಿಬಿಡುತ್ತಾನೆ. ಒಗ್ಗದೆ ಹೋದುದು ಹಲಗೆ ಎಂಬುದು ಅವನಿಗೆ ಹೊಳೆಯುವುದೇ ಇಲ್ಲ. ನಮಗೆ ವ್ಯಥೆಯನ್ನುಂಟುಮಾಡುವ ನಷ್ಟ ಇದೇ.

ಹಣ ಕಡಿಮೆಯಿದ್ದಾಗ ಹಲಗೆಯನ್ನು ಕೈಬದಲಾದ ಮಾಲಿನಲ್ಲಿ ಕೊಳ್ಳುವುದೇ ಲೇಸು. ಆದರೆ ಪರೀಕ್ಷಿಸಿ ಕೊಳ್ಳತಕ್ಕದ್ದು. ಇಂದಿನ ಹಲಗೆಗಳ ಒಡಲು ಹಗುರವಾದ ನೊರೆ ಪ್ಲಾಸ್ಟಿಕ್; ಮೇಲಿನ ಕವಚ ಗಾಜಿನ ನಾರು ಮತ್ತು ರಾಳ. ಕವಚದಲ್ಲಿ ಕೂದಲೆಳೆಯ ಬಿರುಕು ಬಿದ್ದರೂ ನೀರು ಒಳಸೇರುತ್ತದೆ. ಅದೇ ಅಳತೆಯ ಹೊಸ ಹಲಗೆಯ ತೂಕವನ್ನು ವಿಚಾರಿಸಿಕೊಂಡು ಹಳೆಯದನ್ನು ತಕ್ಕಡಿಗಿಡಿ. 4 ಕಿಲೋಗ್ರಾಂ ಇರಬೇಕಾದುದು 5 ಕಿಲೋಗ್ರಾಂ ತೂಗಿದರೆ, ಹಿಂದಿನ ದುರಸ್ತಿಯ ತೂಕವೋ, ಒಂದು ಲೀಟರಿನಷ್ಟು ಸಮುದ್ರವೋ ಒಳಗಿದೆಯೆಂದು ಅರ್ಥ. ಹೆಬ್ಬೆರಳಿನಿಂದ ಅಲ್ಲಲ್ಲಿ ಒತ್ತಿ ನೋಡಿ. ಕವಚ ಒಳಕ್ಕೆ ತಗ್ಗಿ ಮತ್ತೆ ಉಬ್ಬಿದರೆ ಅದು ಒಡಲಿನಿಂದ ಬಿಟ್ಟುಕೊಂಡಿದೆ. ಬಣ್ಣ ಹಳದಿಗೆ ತಿರುಗಿದ್ದರೆ ಗಾಬರಿಯಾಗಬೇಕಿಲ್ಲ. ಬಹುಮಟ್ಟಿಗೆ ಅದು ಬಿಸಿಲಿನ ಕೆಲಸ. ದುರಸ್ತಿಯ ವಿಷಯದಲ್ಲಿ ರಸಾಯನಶಾಸ್ತ್ರದ ಎಚ್ಚರವೂ ಬೇಕು. ಪಾಲಿಸ್ಟೈರೀನ್ ನೊರೆಯ ಒಡಲಿಗೆ ಪಾಲಿಯೆಸ್ಟರ್ ರಾಳವನ್ನು ಹಚ್ಚಿದರೆ ರಾಳದಲ್ಲಿರುವ ಸ್ಟೈರೀನ್ ಒಡಲನ್ನೇ ಕರಗಿಸುತ್ತದೆ. ಅದಕ್ಕೆ ಇಪಾಕ್ಸಿ ರಾಳವೇ ಆಗಬೇಕು.

ಕೊಂಡ ಹಲಗೆಯನ್ನು ನಮ್ಮ ಬಿಸಿಲಿನಿಂದ ಕಾಯುವುದೂ ಹಣ ಉಳಿಸುವ ದಾರಿಯೇ. ಬಾಗಿಲು ಮುಚ್ಚಿದ ಕಾರಿನೊಳಗೆ ಉಷ್ಣತೆ 27 ಡಿಗ್ರಿಯಿಂದ 67 ಡಿಗ್ರಿಗೆ ಏರಿತೆಂದುಕೊಳ್ಳಿ. ನಿರಪೇಕ್ಷ ಮಾನದಲ್ಲಿ ಇದು 300ರಿಂದ 340ಕ್ಕೆ ಏರಿದಂತೆ. ನೊರೆಯೊಳಗೆ ಸಿಕ್ಕಿಬಿದ್ದ ಗಾಳಿಯ ಒತ್ತಡ ಶೇಕಡ 13ರಷ್ಟು ಹೆಚ್ಚುತ್ತದೆ. ಕವಚ ಉಬ್ಬಿ ಬಿಟ್ಟುಕೊಳ್ಳುವುದಕ್ಕೆ ಇದು ಸಾಕು.

ಹಲಗೆಯಲ್ಲಿ ಉಳಿಸಿದ ಹಣವನ್ನು ಎಲ್ಲಿ ಖರ್ಚುಮಾಡಬೇಕು? ಸವಾರನನ್ನು ಹಲಗೆಗೂ, ಹಲಗೆಯನ್ನು ನೀರಿಗೂ ಜೋಡಿಸುವ ಎರಡು ಸಣ್ಣ ವಸ್ತುಗಳಲ್ಲಿ. ಮೊದಲನೆಯದು ಹಲಗೆಯ ಅಡಿಯ ರೆಕ್ಕೆ. ಇದಿಲ್ಲದಿದ್ದರೆ ಹಲಗೆಯ ಬಾಲ ಪಕ್ಕಕ್ಕೆ ಜಾರುತ್ತದೆ. ಅಮೆರಿಕದ ಟಾಮ್ ಬ್ಲೇಕ್ 1935ರಲ್ಲಿ ಹಲಗೆಗೆ ರೆಕ್ಕೆಯೊಂದನ್ನು ಜೋಡಿಸಿದನು. ಇಂದು ಬಹುವಾಗಿ ಬಳಕೆಯಲ್ಲಿರುವ ಮೂರು ರೆಕ್ಕೆಗಳ ಏರ್ಪಾಡನ್ನು 1980ರ ಸುಮಾರಿಗೆ ರೂಢಿಗೆ ತಂದವನು ಆಸ್ಟ್ರೇಲಿಯದ ಸೈಮನ್ ಆಂಡರ್ಸನ್. ರೆಕ್ಕೆಯನ್ನು ಸಿಕ್ಕಿಸುವ ಗೂಡುಗಳಲ್ಲಿ ಎಫ್‌ಸಿಎಸ್, ಫ್ಯೂಚರ್ಸ್ ಎಂಬ ಎರಡು ಮುಖ್ಯ ಬಗೆಗಳಿವೆ. ಒಂದರ ರೆಕ್ಕೆ ಇನ್ನೊಂದಕ್ಕೆ ಕೂಡುವುದಿಲ್ಲ. ಹಳೆಯ ಹಲಗೆಯನ್ನು ಕೊಳ್ಳುವಾಗ ಗೂಡು ಯಾವುದೆಂದು ಕೇಳಿಕೊಳ್ಳಬೇಕು. ಗೂಡಿನ ಸುತ್ತ ಬಿರುಕಿದ್ದರೆ ಆ ಹಲಗೆಯನ್ನು ಬಿಟ್ಟುಬಿಡಬೇಕು.

ಎರಡನೆಯದು ಹಲಗೆಗೂ ಸವಾರನ ಕಣಕಾಲಿಗೂ ಕಟ್ಟುವ ಹಗ್ಗ. ಇದನ್ನು ಮಾತ್ರ ಎಂದಿಗೂ ಹಳೆಯದಾಗಿ ಕೊಳ್ಳಬಾರದೆಂಬುದು ನಮ್ಮ ಖಚಿತವಾದ ಸಲಹೆ. ಹಿಂದೆ ಇದಕ್ಕೆ ಹಿಗ್ಗುವ ರಬ್ಬರಿನ ನಳಿಗೆಯನ್ನು ಬಳಸುತ್ತಿದ್ದರು. ಹಿಗ್ಗಿದ ರಬ್ಬರಿನಲ್ಲಿ ಅಡಗುವ ಶಕ್ತಿ ಹಿಗ್ಗಿನ ವರ್ಗವನ್ನು ಅನುಸರಿಸುತ್ತದೆ. ಹಿಗ್ಗು ಎರಡರಷ್ಟಾದರೆ ಶಕ್ತಿ ನಾಲ್ಕರಷ್ಟು. ಆ ಶಕ್ತಿಯೆಲ್ಲ ಹಲಗೆಯನ್ನು ಸವಾರನ ಕಡೆಗೇ ಎಸೆಯುತ್ತದೆ. ನೀರಿನುಡುಪಿನ ತಯಾರಿಕೆಗೆ ಹೆಸರಾದ ಕ್ಯಾಲಿಫೋರ್ನಿಯದ ಜ್ಯಾಕ್ ಓನೀಲ್ 1971ರಲ್ಲಿ ತನ್ನ ಎಡಗಣ್ಣನ್ನು ಕಳೆದುಕೊಂಡುದು ಇಂಥ ಹಗ್ಗದ ದೆಸೆಯಿಂದಲೇ. ಇಂದಿನ ಪಾಲಿಯುರಿಥೇನ್ ಹಗ್ಗ ಅಷ್ಟಾಗಿ ಹಿಗ್ಗುವುದಿಲ್ಲ. ಅದರ ಉದ್ದ ಹಲಗೆಯ ಉದ್ದದಷ್ಟಾದರೂ ಇರಬೇಕು. ಬಿಸಿಲಿಗೆ ಸುಕ್ಕಿದ, ಗೀರುಬಿದ್ದ ಹಗ್ಗ ನೀರಿನಲ್ಲಿ ತುಂಡಾದರೆ ಹಲಗೆ ದಡ ಸೇರುತ್ತದೆ, ಸವಾರ ಆಳದಲ್ಲಿ ಉಳಿಯುತ್ತಾನೆ. ಬಿಡಿಯಾಗಿ ಬಂದ ಹಲಗೆ ದಡದಲ್ಲಿರುವ ಮಕ್ಕಳಿಗೂ ಅಪಾಯಕಾರಿ. ಆದರೂ ಹಗ್ಗ ಪ್ರಾಣರಕ್ಷಕವಲ್ಲ. ಈಜು ಬಾರದವನು ಹಲಗೆಯನ್ನು ಕೊಳ್ಳುವ ಮುನ್ನ ಈಜನ್ನು ಕಲಿಯಬೇಕು. ಶಾಂಭವಿ, ನಂದಿನಿ ನದಿಗಳು ಕಡಲು ಸೇರುವ ಸಸಿಹಿತ್ಲುವಿನಂಥ ಅಳಿವೆಗಳಲ್ಲಿ ಸೆಳೆತವನ್ನು ಅರಿತ ಸ್ಥಳೀಯ ಮೀನುಗಾರರ ಮಾತನ್ನು ಕೇಳಬೇಕು. ಮುಂಗಾರಿನ ಕಡಲು ಎರಡನೆಯ ಮೆಟ್ಟಿಲಿನವರ ಪಾಠಶಾಲೆಯಲ್ಲ.

ಕೊನೆಯದಾಗಿ ಒಂದು ಸಲಹೆ. ಕ್ರಿಕೆಟ್ಟಿನ ದಾಂಡು, ಹಾಕಿಯ ಕೋಲುಗಳನ್ನು ಕಾಲೇಜುಗಳು ತಮ್ಮ ಕ್ರೀಡಾವಿಭಾಗದಲ್ಲಿ ಇಟ್ಟುಕೊಂಡಿರುವಂತೆ, ಕರಾವಳಿಯ ಕಾಲೇಜುಗಳು 45, 55, 70 ಲೀಟರಿನ ಮೂರು ನಾಲ್ಕು ಹಲಗೆಗಳನ್ನು ಏಕೆ ಇಟ್ಟುಕೊಳ್ಳಬಾರದು? ತಕ್ಕ ಗಾತ್ರ ಯಾವುದೆಂಬುದನ್ನು ವಿದ್ಯಾರ್ಥಿ ಕೊಳ್ಳುವ ಮೊದಲೇ ಬಳಸಿ ತಿಳಿಯುವನು. ಮನೆಯ ಮುಂದೆಯೇ ಕಡಲಿದ್ದೂ ಹಲಗೆ ಕೊಳ್ಳಲಾಗದ ಮೊಗವೀರರ ಮಕ್ಕಳಿಗೂ ಅದರಿಂದ ಅವಕಾಶ ದೊರೆಯುವುದು. ಅಲ್ಲಿಯವರೆಗೆ ವಿದ್ಯಾರ್ಥಿಮಿತ್ರರು ತಮ್ಮ ಮೈತೂಕವನ್ನು 0.75ರಿಂದ ಗುಣಿಸಿ, ಬಂದ ಅಂಕಿಯನ್ನು ಚೀಟಿಯಲ್ಲಿ ಬರೆದುಕೊಂಡು ಅಂಗಡಿಗೆ ಹೋಗಲಿ. ಮಾರುವವನು ಯಾವ ಹೆಸರನ್ನು ಹೊಗಳಿದರೂ ಆ ಅಂಕಿಯಿಂದ ಬಹುದೂರ ಸರಿಯದಿರಲಿ.