ಉಣ್ಣೆಯ ಕೆಳಗೆ ಕೈ ಹಾಕಿ ನೋಡಿ

ರೀಲ್ಸ್‌ನಲ್ಲಿ ಅಲ್ಪಾಕಾ ನೋಡದವರು ನಮ್ಮಲ್ಲಿ ಯಾರೂ ಇರಲಿಕ್ಕಿಲ್ಲ. ಉದ್ದ ಕತ್ತು, ಮೈತುಂಬ ಉಣ್ಣೆ, ಥೇಟ್ ಗೊಂಬೆ! ಆದರೆ ಆ ಚೆಂದದ ಉಣ್ಣೆಯೇ ಅದರ ಕಾಯಿಲೆಯನ್ನ ಸಾಕುವವರ ಕಣ್ಣಿಂದ ಮುಚ್ಚಿಡುತ್ತೆ ಅಂದ್ರೆ ನಂಬ್ತೀರಾ?

ಅಲ್ಪಾಕಾ, ಲಾಮಾ ಎರಡೂ ಒಂಟೆಯ ಬಳಗದವು. ಆಂಡಿಸ್ ಪರ್ವತದ ಜನ ಸಾವಿರಾರು ವರ್ಷಗಳಿಂದ ಉಣ್ಣೆಗೆ ಅಲ್ಪಾಕಾವನ್ನೂ ಹೊರೆ ಹೊರೋಕೆ ಲಾಮಾವನ್ನೂ ಸಾಕುತ್ತಾ ಬಂದಿದ್ದಾರೆ. ಜಗತ್ತಿನ ಅಲ್ಪಾಕಾಗಳಲ್ಲಿ ಬಹುಪಾಲು ಇವತ್ತಿಗೂ ಪೆರುವಿನಲ್ಲೇ ಇವೆ. ಬ್ರಿಟನ್, ಆಸ್ಟ್ರೇಲಿಯಾಗಳಲ್ಲೂ ಈಗ ಫಾರ್ಮ್‌ಗಳಿವೆ. ವಿಶ್ವಸಂಸ್ಥೆ 2024ನ್ನು ಈ ಬಳಗದ ಪ್ರಾಣಿಗಳ ಅಂತರರಾಷ್ಟ್ರೀಯ ವರ್ಷ ಅಂತ ಆಚರಿಸಿತ್ತು.

ಬೇಟೆಗೆ ಸಿಗುವ ಪ್ರಾಣಿಗಳು ನೋವು ತೋರಿಸಿಕೊಳ್ಳಲ್ಲ. ಇವೂ ಅಷ್ಟೇ. ಹೊಟ್ಟೆಯಲ್ಲಿ ಜಂತುಹುಳ ತುಂಬಿದ್ರೂ, ಹಲ್ಲು ಕೆಟ್ಟು ಮೇವು ಅಗಿಯೋಕೆ ಆಗದಿದ್ರೂ ಹಿಂಡಿನ ಜೊತೆ ನಿಂತೇ ಇರುತ್ತವೆ. ಮೈ ಸೊರಗಿ ಮೂಳೆ ಎದ್ದಿದ್ದರೂ ಹೊರಗಿಂದ ನೋಡಿದವರಿಗೆ ದುಂಡಗೇ ಕಾಣುತ್ತವೆ. ಕುಸಿದು ಬಿದ್ದ ದಿನವೇ ಗೊತ್ತಾಗೋದು. ಅಷ್ಟೊತ್ತಿಗೆ ಎಷ್ಟೋ ಸಲ ಕೈಮೀರಿರುತ್ತೆ.

ಇದಕ್ಕೆ ಪರಿಹಾರ ತುಂಬಾ ಸರಳ. ಉಣ್ಣೆಯೊಳಗೆ ಕೈ ಹಾಕಿ ಬೆನ್ನುಮೂಳೆ ಮುಟ್ಟಿ ನೋಡಬೇಕು. ಮೂಳೆಯ ಎರಡೂ ಬದಿಯ ಮಾಂಸ ಒಳಗೆ ಕುಗ್ಗಿದ್ದರೆ ಪ್ರಾಣಿ ಬಡಕಲಾಗಿದೆ, ಉಬ್ಬಿದ್ದರೆ ಬೊಜ್ಜು ಬಂದಿದೆ. 1ರಿಂದ 5ರವರೆಗೆ ಅಂಕ ಕೊಡೋದು ರೂಢಿ. 3 ಇದ್ದರೆ ಸರಿ. ಜೊತೆಗೊಂದು ತೂಕದ ಯಂತ್ರ ಇರಬೇಕು. ತಾಯಿ ಗಬ್ಬ ಹೊರೋದು ಸುಮಾರು ಹನ್ನೊಂದು ತಿಂಗಳು, ಹುಟ್ಟೋದು ಸಾಮಾನ್ಯವಾಗಿ ಒಂದೇ ಮರಿ. ಆ ಮರಿಗೆ ಹಾಲು ಸಾಲ್ತಿದೆಯಾ ಅಂತ ದಿನಾ ತೂಕ ನೋಡಿದರೆ ತಿಳಿಯುತ್ತೆ. ಅದು ಸತ್ತರೆ ಆ ತಾಯಿಯ ಇಡೀ ವರ್ಷ ಹೋದಂತೆಯೇ.

ಇನ್ನೊಂದು ವಿಷಯ ನಮ್ಮಂಥ ಇಂಜಿನಿಯರಿಂಗ್‌ನವರಿಗೆ ಬೇಗ ಅರ್ಥವಾಗುತ್ತೆ. ಈ ಪ್ರಾಣಿ ರೂಪುಗೊಂಡಿದ್ದು ಸುಮಾರು 4,000 ಮೀಟರ್ ಎತ್ತರದ ಪ್ರಖರ ಬಿಸಿಲಿನಲ್ಲಿ. ಅದನ್ನ ಬ್ರಿಟನ್ನಿನ ಮೋಡ ಕವಿದ ಚಳಿಗಾಲಕ್ಕೆ ಕರೆದೊಯ್ದರೆ ವಿಟಮಿನ್ ಡಿ ಕಮ್ಮಿಯಾಗಿ ಮರಿಗಳ ಕಾಲು ಸೊಟ್ಟಗಾಗುತ್ತೆ. ಜಾಗ ಬದಲಾಯಿಸಿದವರು ಆ ಕೊರತೆಯನ್ನೂ ತುಂಬಿಕೊಡಬೇಕು. ಅದಕ್ಕೇ ಅಲ್ಲಿ ಚಳಿಗಾಲದಲ್ಲಿ ವಿಟಮಿನ್ ಡಿ ಕೊಡುತ್ತಾರೆ.

'ಈ ಕಾಲದಲ್ಲೂ ಕೈಯಲ್ಲಿ ಮುಟ್ಟಿ ನೋಡ್ಬೇಕಾ? ಸೆನ್ಸರ್ ಇರೋ ಕಾಲರ್ ಹಾಕಿದ್ರಾಯ್ತಲ್ಲ' ಅಂತ ಕೇಳಬಹುದು. ನನಗೂ ಸೆನ್ಸರ್ ಅಂದ್ರೆ ಇಷ್ಟವೇ. ಆದರೆ ಪೆರುವಿನ ಬೆಟ್ಟದ ಮೇಲೆ ಹಿಂಡು ಕಾಯುವ ಬಡ ಕುಟುಂಬವನ್ನ ನೆನೆಸಿಕೊಳ್ಳಿ. ಪಶುವೈದ್ಯರು ದೂರ, ನೆಟ್‌ವರ್ಕ್ ಬಂದ್ರೆ ಬಂತು ಇಲ್ಲದಿದ್ರೆ ಇಲ್ಲ. ಕಾಲರ್ ಎಚ್ಚರಿಕೆ ಕೊಟ್ಟರೂ ಔಷಧಿ ಕೊಡೋರು ಯಾರು? ಅವರಿಗೆ ಮೊದಲು ಬೇಕಾಗಿರೋದು ಹಿಮ ಸುರಿಯುವ ರಾತ್ರಿ ಮರಿಗಳನ್ನ ಕೂಡಿಹಾಕಲು ಒಂದು ಕೊಟ್ಟಿಗೆ, ಸರಿಯಾದ ಹೊತ್ತಿಗೆ ಸಿಗುವ ಜಂತಿನ ಔಷಧಿ, ಮುಟ್ಟಿ ನೋಡಲು ಕಲಿಸಿಕೊಡುವ ಒಬ್ಬರು.

ಹಾಗಂತ ನಮಗೆ ಕೆಲಸವಿಲ್ಲ ಅಂತಲ್ಲ. ಕರೆಂಟ್ ಬೇಡದ, ಮಡಚಿ ಲಾಮಾ ಬೆನ್ನ ಮೇಲೇ ಹೊರಿಸಬಹುದಾದ, ರಿಪೇರಿಗೆ ಪೇಟೆಗೆ ಓಡಬೇಕಿಲ್ಲದ ತೂಕದ ಯಂತ್ರವೊಂದನ್ನ ಮಾಡಿ ನೋಡಿ. ಕುರಿ, ಮೇಕೆಗಳಿಗೂ ಅದು ಬೇಕು. ಮುಂದಿನ ಹ್ಯಾಕಥಾನ್‌ಗೆ ಐಡಿಯಾ ಹುಡುಕ್ತಿದ್ರೆ, ಇದನ್ನೇ ತಗೊಳ್ಳಿ.